ಆ ಒಂದು ವರ್ಷದ ಷರತ್ತು ಹೋಗಲಿ

ಮಾನ್ಯರೇ,

ಅಮೆರಿಕದ ಪೊಲೀಸರಿಗೆ ಸೇನೆಯ ಹೆಚ್ಚುವರಿ ಸಾಮಗ್ರಿ ದೊರೆಯುವುದು ‘1033’ ಯೋಜನೆಯಡಿ. ಸಾಮಗ್ರಿ ಉಚಿತ, ಸಾಗಣೆ, ನಿರ್ವಹಣೆಯ ಖರ್ಚು ಮಾತ್ರ ಪಡೆದವರದು. ಆದರೆ ಪಡೆದ ಒಂದು ವರ್ಷದೊಳಗೆ ಅದನ್ನು ಬಳಕೆಗೆ ತರಬೇಕೆಂಬ ಷರತ್ತಿದೆ. ಎಡವಟ್ಟು ಶುರುವಾಗುವುದೇ ಇಲ್ಲಿ. ಸೇನೆಯ ಕವಚ ವಾಹನ ಬೇಕಾಗುವಂಥ ಒತ್ತೆಯಾಳು ಪ್ರಕರಣ ಸಣ್ಣ ಊರಲ್ಲಿ ವರ್ಷಕ್ಕೊಂದೂ ನಡೆಯುವುದಿಲ್ಲ. ಹಾಗಾಗಿ ಇರಾಕ್‌ನ ನೆಲಬಾಂಬ್ ತಡೆಯಲು ಕಟ್ಟಿದ, 14 ಟನ್‌ಗೂ ಹೆಚ್ಚು ತೂಗುವ ವಾಹನ ಮನೆ ಶೋಧನೆಗೂ ಹೊರಡುತ್ತದೆ. ಎತ್ತರ ಜಾಸ್ತಿ, ಅವಸರದ ತಿರುವಿನಲ್ಲಿ ಮಗುಚುವ ಅಪಾಯ ಬೇರೆ.

2014ರಲ್ಲಿ ಮಿಸೌರಿ ರಾಜ್ಯದ ಫರ್ಗ್ಯೂಸನ್‌ನಲ್ಲಿ, ಪೊಲೀಸ್ ಗುಂಡಿಗೆ ಕಪ್ಪು ಯುವಕ ಬಲಿಯಾದ ಬಳಿಕ ನಡೆದ ಪ್ರತಿಭಟನೆಯ ವೇಳೆ, ಕವಚ ವಾಹನದ ಮೇಲೆ ಕುಳಿತ ಪೊಲೀಸರು ರೈಫಲ್‌ನ ಸ್ಕೋಪ್ (ಗುರಿ ನೋಡುವ ದುರ್ಬೀನು) ಮೂಲಕ ಗುಂಪನ್ನು ಗಮನಿಸಿದರು. ಸ್ಕೋಪ್‌ನಲ್ಲಿ ನೋಡಬೇಕಾದರೆ ನಳಿಕೆ ಜನರ ಕಡೆಗೇ ತಿರುಗಬೇಕು. ಎದುರಿಗಿದ್ದವರಿಗೆ ಅದು ಗುರಿಯಿಟ್ಟಂತೆಯೇ. ಆ ಕೆಲಸಕ್ಕೆ ಬೈನಾಕ್ಯುಲರ್ ಸಾಕಿತ್ತು!

ಗುಂಡು ನಿರೋಧಕ ಅಂಗಿ, ಹೆಲ್ಮೆಟ್, ಪ್ರಥಮ ಚಿಕಿತ್ಸೆಯ ಕಿಟ್ ಪ್ರತಿ ಪೊಲೀಸರಿಗೂ ಖಂಡಿತ ಬೇಕು. ಬಯೋನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ), ಗ್ರೆನೇಡ್ ಲಾಂಚರ್ ಯಾಕೆ ಬೇಕಿತ್ತು? 2015ರಲ್ಲಿ ಒಬಾಮ ಇವನ್ನು ನಿಷೇಧಿಸಿದರು, 2017ರಲ್ಲಿ ಟ್ರಂಪ್ ಆ ಆದೇಶ ರದ್ದುಪಡಿಸಿದರು. ಅಧ್ಯಕ್ಷರು ಬದಲಾದಂತೆ ಬದಲಾಗುವ ಆದೇಶ ಸಾಲದು. ಬಯೋನೆಟ್ ಕೊಡುವುದನ್ನು 2021ರಲ್ಲಿ ಸಂಸತ್ತೇ ಕಾನೂನಿನಿಂದ ನಿಷೇಧಿಸಿತು. ಅದೇ ರೀತಿ ಕಾನೂನು ಮಾಡಿ ಪಟ್ಟಿಯನ್ನು ಇನ್ನೂ ಕಿರಿದಾಗಿಸಬೇಕು, ಒಂದು ವರ್ಷದ ಷರತ್ತನ್ನು ಕಿತ್ತುಹಾಕಬೇಕು.

– ಓದುಗ, ಮೈಸೂರು