ಮೂರನೇ ನಿಮಿಷದ ವಿಷಯ

ಪ್ರೀತಿಯ ಟ್ರೈಪಾಡ್,

ಹೇಗಿದ್ದೀಯ ಮಾರಾಯ? ಮದುವೆ ಸೀಸನ್, ನಿನಗೆ ಉಸಿರಾಡಲೂ ಟೈಮ್ ಇರುವುದಿಲ್ಲ ಅಂತ ಗೊತ್ತು. ಫೋನೇ ಮಾಡಬಹುದಿತ್ತು. ಮಾಡಿದರೆ ನೀನು "ಎಂತ ಮಾರಾಯ, ರೆಂಡರಿಗೆ ಹಾಕಿದ್ದೇನೆ, ಬೇಗ ಹೇಳು" ಅನ್ನುತ್ತೀಯ. ಬೇಗ ಹೇಳಲು ಆಗದೆ ನಾನು ಕೋಳಿ ವಿಷಯ ತೆಗೆಯುತ್ತೇನೆ. ಇಬ್ಬರೂ ನಕ್ಕು ಫೋನ್ ಇಡುತ್ತೇವೆ. ಈಗಾಗಲೇ ಎರಡು ಸಲ ಹೀಗಾಯಿತು. ಅದಕ್ಕೇ ಈ ಸಲ ಎಲ್ಲರ ಎದುರೇ ಬರೆದು ಹಾಕುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನೀನು ಜಾಸ್ತಿ ಬೈಯುವುದಿಲ್ಲ ಅನ್ನೋದು ನನ್ನ ಲೆಕ್ಕ. (ಓದುತ್ತಿರುವ ಮಿಕ್ಕವರೆಲ್ಲ ಸಮಾಧಾನವಾಗಿ ಕೂತುಕೊಳ್ಳಿ. ಜನರೇಟರ್ ವಿಷಯ ಇದರಲ್ಲಿ ಬರುವುದಿಲ್ಲ.)

ಹೋದ ವಾರ ನಮ್ಮ ಹಳೇ ಕಾಲೇಜಿಗೆ ಹೋಗಿದ್ದೆ. ಜೂನಿಯರ್‌ಗಳು ಪ್ರಾಜೆಕ್ಟ್ ಸಿನಿಮಾಗಳ ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ, ತೋರಿಸುತ್ತಾರೆ, ಬಂದು ಕೂತು ನೋಡು ಅಂತ ಮೇಡಂ ಕರೆದಿದ್ದರು. ಅದೇ ಎರಡನೇ ಮಹಡಿ ರೂಮು. ಅದೇ ಪ್ರೊಜೆಕ್ಟರ್, ಎಡಗಡೆ ಮೂಲೆ ಇನ್ನೂ ಹಸಿರಾಗೇ ಇದೆ. ಫೀಡ್‌ಬ್ಯಾಕ್ ಚೀಟಿಯೂ ಅದೇ, ಮೂರು ಪ್ರಶ್ನೆ. ಯಾವುದು ಹಿಡಿಸಿತು? ಯಾವುದು ಅರ್ಥವಾಗಲಿಲ್ಲ? ಎಲ್ಲಿ ಗಮನ ತಪ್ಪಿತು, ನಿಮಿಷ ಬರೆಯಿರಿ. ಹೆಸರು ಹಾಕುವ ಹಾಗಿಲ್ಲ.

ನನ್ನ ಮುಂದಿನ ಸಾಲಲ್ಲಿ ಒಬ್ಬ ಹುಡುಗ ಚೀಟಿ ತುಂಬುತ್ತಿದ್ದ. ಪರೀಕ್ಷೆಯಲ್ಲಿ ಪಕ್ಕದವನು ಕಾಪಿ ಹೊಡೆಯಬಾರದು ಅಂತ ಕೂರುತ್ತೇವಲ್ಲ, ಹಾಗೆ ಎಡಗೈ ಅಡ್ಡ ಇಟ್ಟುಕೊಂಡಿದ್ದ. ಅಕ್ಷರಗಳನ್ನು ಬೇಕಂತಲೇ ವಾಲಿಸಿ ಬರೆಯುತ್ತಿದ್ದ, ಕೈಬರಹ ಗೊತ್ತಾಗಬಾರದಲ್ಲ. ಆ ಸಿನಿಮಾ ಮಾಡಿದವನು ಅವನ ಪಕ್ಕದಲ್ಲೇ ಕೂತಿದ್ದ. ಇಬ್ಬರೂ ಒಂದೇ ಪೊಟ್ಟಣದಿಂದ ಕಡ್ಲೆಕಾಯಿ ತಿನ್ನುತ್ತಿದ್ದರು.

ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಮಧ್ಯಾಹ್ನದ ಪುಳಿಯೋಗರೆ ಅಂದುಕೊಂಡೆ. ಅಲ್ಲ.

ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ. ಅವತ್ತು ನಿನ್ನ ಸಿನಿಮಾಗೆ "ಮೂರನೇ ನಿಮಿಷದಲ್ಲಿ ಮೊಬೈಲ್ ತೆಗೆದೆ" ಅಂತ ಚೀಟಿ ಬರೆದವನು ನಾನು ಕಣೋ.

ನಮ್ಮ ಕ್ಲಾಸಿನ ಸಿಂಕ್ ಸಾಹೇಬರಲ್ಲ. ನಾನು.

ಆ ಸಂಜೆ ನೆನಪಿದೆಯಾ? ಚಹಾದಂಗಡಿ ಬೆಂಚಿನ ಮೇಲೆ ನೀನು 21 ಚೀಟಿ ಹರಡಿಕೊಂಡು ಕೂತಿದ್ದೆ. ಇಪ್ಪತ್ತರಲ್ಲಿ "ಸೂಪರ್", "ಫೀಲ್ ಚೆನ್ನಾಗಿದೆ", "ಸೌಂಡ್ ಸ್ವಲ್ಪ ನೋಡಿಕೊಳ್ಳಿ". ಅವನ್ನೆಲ್ಲ ಗ್ಲಾಸಿನ ಕೆಳಗೆ ಸಿಗಿಸಿ, ಆ ಒಂದನ್ನೇ ಮತ್ತೆ ಮತ್ತೆ ಓದಿದೆ. ಇದು ಯಾರದ್ದಿರಬಹುದು ಅಂತ ನನ್ನನ್ನೇ ಕೇಳಿದೆ. ನಾನು ಚೀಟಿ ಇಸ್ಕೊಂಡು, ಬೆಳಕಿಗೆ ಹಿಡಿದು, ದೊಡ್ಡ ಪತ್ತೇದಾರನ ಹಾಗೆ ಹುಬ್ಬು ಗಂಟಿಕ್ಕಿ, "ಈ ‘ಮೊ’ ನೋಡು, ಸಾಹೇಬರದ್ದೇ" ಅಂದೆ.

ಅಲ್ಲಿಂದ ಶುರು. ಮುಖ್ಯ ಅತಿಥಿಗಳ ಭಾಷಣ ಎಳೆದರೆ ಮೂರನೇ ನಿಮಿಷ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ನಿಂತರೆ ಮೂರನೇ ನಿಮಿಷ. ನಿನ್ನ ಭಾವನ ಹಾಡು ಶುರುವಾದರೆ ಹೇಳುವುದೇ ಬೇಡ. ಎರಡು ವರ್ಷದಿಂದ ನಗುತ್ತಿದ್ದೇವೆ. ಅದೇ ಹೆಸರಲ್ಲಿ ಪಾಪ ಸಾಹೇಬರ ಕೈಯಿಂದ ಎಷ್ಟು ಚಹಾ ಕುಡಿದಿದ್ದೇವೋ ಲೆಕ್ಕವಿಲ್ಲ. ಅವನು ಒಂದು ದಿನವೂ "ನಾನಲ್ಲ" ಅನ್ನಲಿಲ್ಲ. ಸುಮ್ನೆ ನಕ್ಕು ದುಡ್ಡು ಕೊಡುತ್ತಿದ್ದ. ಅವನಿಗೆ ಗೊತ್ತಿತ್ತು ಅಂತ ಈಗ ನನಗೆ ಅನುಮಾನ.

ಆ ವರ್ಷ ನಮ್ಮ ಕ್ಲಾಸಿನ ಗಾಳಿಯೇ ಬೇರೆ ಇತ್ತು ಬಿಡು. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಚಿತ್ರೋತ್ಸವ ಕಾನ್‌ನಲ್ಲಿ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಕನ್ನಡದ ಚಿತ್ರಕ್ಕೆ ಬಂದಿತ್ತಲ್ಲ. ಚಿದಾನಂದ ನಾಯ್ಕ್, ಡಾಕ್ಟರ್ ಓದಿ ಆಮೇಲೆ ಪುಣೆಯ ಫಿಲ್ಮ್ ಸ್ಕೂಲ್ ಎಫ್‌ಟಿಐಐಗೆ ಹೋದವರು, ಒಂದು ವರ್ಷದ ಕೋರ್ಸಿನ ಕೊನೆಗೆ ಮಾಡಿದ್ದು. 16 ನಿಮಿಷದ ಸಿನಿಮಾ, ನಾಲ್ಕು ದಿನದ ಶೂಟಿಂಗು. ಆ ವಿಭಾಗ ಇರುವುದೇ ಫಿಲ್ಮ್ ಸ್ಕೂಲ್ ಮಕ್ಕಳಿಗೆ. ಅಂದರೆ ಅದೂ ನಮ್ಮ ಹಾಗೆ ಕ್ಲಾಸ್ ಪ್ರಾಜೆಕ್ಟೇ. ಅದರಲ್ಲಿ ಅಜ್ಜಿ ಊರಿನ ಕೋಳಿ ಕದಿಯುತ್ತಾಳೆ ಅಂತ ಪೇಪರಿನಲ್ಲಿ ಬಂದದ್ದೇ ತಡ, ನಮ್ಮಲ್ಲಿ ಅರ್ಧಕ್ಕರ್ಧ ಸ್ಕ್ರಿಪ್ಟುಗಳಿಗೆ ಒಂದೊಂದು ಕೋಳಿ ಬಂದು ಸೇರಿತು. ನಿನ್ನ ಕೋಳಿಯ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ಎಲ್ಲರ ಎದೆಯೊಳಗೂ ಒಂದೊಂದು ಕಾನ್ ಇತ್ತು. ನನಗಂತೂ ಎರಡಿತ್ತು.

ನನ್ನ ಸಿನಿಮಾ ಹೇಗಿತ್ತು ಅಂತ ನಿನಗೆ ನೆನಪಿಸಬೇಕಾಗಿಲ್ಲ. ಡ್ರೋನು, ಸ್ಲೋ ಮೋಷನ್, ಟೆರೇಸಿನಿಂದ ಪೈಪಲ್ಲಿ ಸುರಿಸಿದ ಮಳೆ, "ಬದುಕೆಂದರೆ" ಅಂತ ಶುರುವಾಗುವ ವಾಯ್ಸ್ ಓವರು. ಹೀರೋ ರೂಮಿನ ಸೀನನ್ನು ಟ್ಯೂಬ್‌ಲೈಟಿನಲ್ಲಿ ತೆಗೆದಿದ್ದೆ, ಕ್ಯಾಮೆರಾದ ಶಟರ್ ವೇಗ 1/60 ಸೆಕೆಂಡಿನಲ್ಲೇ ಬಿಟ್ಟು. ನಮ್ಮ ಕರೆಂಟು 50 ಹರ್ಟ್ಸ್. ಶಟರ್ 1/50 ಇಲ್ಲಾ 1/100 ಇಡದಿದ್ದರೆ ಚಿತ್ರದ ಮೇಲೆ ಪಟ್ಟಿ ಪಟ್ಟಿ ಓಡುತ್ತೆ, ಅದಕ್ಕೇ ಫ್ಲಿಕರ್ ಅನ್ನೋದು. "ಶಟರ್ ನೋಡ್ಕೋ ಮಾರಾಯ" ಅಂತ ನೀನು ಹಿಂದಿನ ರಾತ್ರಿಯೇ ಹೇಳಿದ್ದೆ. ನಾನು ನೋಡಿಕೊಳ್ಳಲಿಲ್ಲ. ಹೀರೋ ಮುಖದ ಮೇಲೆ ಪೂರ್ತಿ ನಾಲ್ಕು ನಿಮಿಷ ಪಟ್ಟಿ ಓಡಿತು. ಚೀಟಿಯಲ್ಲಿ ಒಬ್ಬರು ಏನು ಬರೆದಿದ್ದರು ಗೊತ್ತಲ್ಲ: "ಬೆಳಕಿನ ಏರಿಳಿತ ನಾಯಕನ ಮನಸ್ಸಿನ ತಳಮಳವನ್ನು ಚೆನ್ನಾಗಿ ತೋರಿಸುತ್ತದೆ." ಹೌದು ಹೌದು ಅಂತ ತಲೆಯಾಡಿಸಿದೆ. ವೈವಾದಲ್ಲಿ ಅದನ್ನೇ ನನ್ನ ಐಡಿಯಾ ಅಂತ ಹೇಳಿಯೂ ಬಿಟ್ಟೆ. ನೀನು ಹಿಂದಿನ ಬೆಂಚಿನಲ್ಲಿ ಕರ್ಚೀಫು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಹೊರಗೆ ಯಾರಿಗೂ ಹೇಳಲಿಲ್ಲ, ಅದು ಬೇರೆ ಮಾತು. ಹೆಸರು ಮಾತ್ರ ಇಟ್ಟೆ.

ನಿನ್ನ ಸಿನಿಮಾದಲ್ಲೂ ಟ್ಯೂಬ್‌ಲೈಟೇ. ನಿಮ್ಮ ಮನೆಯ ಜಗಲಿ. ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾರೆ. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಅದರಲ್ಲಿ ಅಳತೆಗೆ ಕತ್ತರಿಸಿಟ್ಟ ಬೀಡಿ ಎಲೆ, ನೀರಲ್ಲಿ ನೆನೆದು ಮೆತ್ತಗಾಗಿದೆ. ಒಂದು ಬದಿಗೆ ಹೊಗೆಸೊಪ್ಪಿನ ಪುಡಿ, ಇನ್ನೊಂದು ಬದಿಗೆ ನೂಲು. ಎಲೆ ಎತ್ತಿಕೊಳ್ಳುತ್ತಾರೆ, ಪುಡಿ ಹಾಕುತ್ತಾರೆ, ಸುರುಳಿ ಸುತ್ತುತ್ತಾರೆ, ತುದಿ ಮಡಚುತ್ತಾರೆ, ನೂಲು ಕಟ್ಟುತ್ತಾರೆ. ಒಂದು ಬೀಡಿ. ಮತ್ತೆ ಎಲೆ. ನೂಲಿಗೆ ಕೈ ಹಾಕುವಾಗ ಕಣ್ಣು ಅತ್ತ ಹೋಗುವುದೇ ಇಲ್ಲ, ಬೆರಳಿಗೆ ದಾರಿ ಗೊತ್ತು. ಕ್ಯಾಮೆರಾ ಅಲ್ಲಾಡುವುದಿಲ್ಲ. ಕಟ್ ಇಲ್ಲ. ಕೂಲಿ ಸಿಗುವುದು ಸಾವಿರದ ಲೆಕ್ಕದಲ್ಲಿ ಅಂತ ಹಿಂದಿನ ಸೀನಿನಲ್ಲೇ ಗೊತ್ತಾಗಿರುತ್ತೆ. ಈ ಶಾಟಿನಲ್ಲಿ ನಾವು ನೋಡುವುದು ನಾಲ್ಕು. ಉಳಿದ 996 ನಾವೇ ಲೆಕ್ಕ ಹಾಕಿಕೊಳ್ಳಬೇಕು.

ನಾಲ್ಕನೆಯದಕ್ಕೆ ನೂಲು ಸುತ್ತುತ್ತಾ ಅಮ್ಮ ತಲೆ ಎತ್ತುತ್ತಾರೆ. ಕ್ಯಾಮೆರಾ ನೋಡುತ್ತಾರೆ ಅಂತ ಮೊದಲು ಅನ್ನಿಸುತ್ತೆ. ಅಲ್ಲ, ಅದರ ಹಿಂದೆ ನಿಂತ ನಿನ್ನನ್ನು. "ಒಣಸ್ ಆಂಡಾ?" ಅನ್ನುತ್ತಾರೆ. ಊಟ ಆಯ್ತಾ ಅಂತ. ಟೇಕ್ ಹಾಳಾಗುತ್ತೆ ಅಂತ ನೀನು ಬಾಯಿ ಬಿಡುವುದಿಲ್ಲ. ಅವರು ಒಂದು ಗಳಿಗೆ ಕಾಯುತ್ತಾರೆ. ಆಮೇಲೆ ಇನ್ನೊಂದು ಎಲೆ ಎತ್ತಿಕೊಳ್ಳುತ್ತಾರೆ. ಒಳಗೆಲ್ಲೋ ಕುಕ್ಕರ್ ಕೂಗುತ್ತೆ.

ಮಾರಾಯ, ನಾನು ಮೊಬೈಲ್ ತೆಗೆದಿರಲೇ ಇಲ್ಲ.

ಮೊಬೈಲ್ ಬ್ಯಾಗಿನಲ್ಲಿತ್ತು. ಬ್ಯಾಗು ಮೇಡಂ ಟೇಬಲಿನ ಹತ್ತಿರ ಇತ್ತು. ಸಬ್‌ಟೈಟಲ್ ಮಾಡಿಕೊಟ್ಟವನೇ ನಾನು, ಆ ಶಾಟನ್ನು ಅಷ್ಟರಲ್ಲಿ ಇಪ್ಪತ್ತು ಸಲವಾದರೂ ನೋಡಿದ್ದೆ. ಆದರೂ ಆ ದಿನ ಕತ್ತಲಲ್ಲಿ ಕೂತು ಕಣ್ಣು ತೆಗೆಯದೆ ನೋಡಿದೆ. ನನ್ನಮ್ಮ ನೆನಪಾದಳು, ಗಂಟಲು ಕಟ್ಟಿತು ಅಂತೆಲ್ಲ ಬರೆದರೆ ಓದುವವರಿಗೆ ಚೆನ್ನಾಗಿರುತ್ತೆ. ಆದರೆ ಸುಳ್ಳು. ನನಗೆ ನೆನಪಾದದ್ದು ನನ್ನ ಡ್ರೋನು. ದಿನಕ್ಕೆ 4,000 ರೂಪಾಯಿ ಬಾಡಿಗೆ ಕೊಟ್ಟು ತಂದ ಡ್ರೋನು. ನಿನ್ನ ಸಿನಿಮಾ ಆದಮೇಲೆ ನನ್ನದೇ ಇತ್ತು. ಕ್ಲಾಸು ಅಷ್ಟು ಸುಮ್ಮನಾಗಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಇವರ ಎದುರು ಈಗ ನನ್ನ ಪೈಪಿನ ಮಳೆ ಬರುತ್ತದಲ್ಲಪ್ಪಾ ಅನ್ನಿಸಿತು. ಚೀಟಿ ಮಡಿಲಲ್ಲಿತ್ತು. ಗಮನ ತಪ್ಪಿದ ಜಾಗ, ನಿಮಿಷ ಬರೆಯಿರಿ. ಬರೆದೆ.

ಮೊಣಕೈ ನೋವಿನ ಕತೆ ಮೇಡಂ ಹೇಳಿದ್ದರಲ್ಲ, ವಾಲ್ಟರ್ ಮರ್ಚ್ ಅನ್ನುವ ಅಮೆರಿಕದ ಎಡಿಟರ್‌ದು. ನೋಡಿದವರು ಈ ಸೀನು ಸರಿಯಿಲ್ಲ ಅಂದ ಕೂಡಲೇ ಅದನ್ನೇ ಕತ್ತರಿಸಲು ಹೋಗಬೇಡಿ, ಮೊಣಕೈ ನೋಯುತ್ತಿದ್ದರೂ ನರ ಸಿಕ್ಕಿಕೊಂಡಿರುವುದು ಭುಜದಲ್ಲಿರಬಹುದು, ಹಿಂದಿನ ಸೀನು ನೋಡಿ ಅಂತ. ನೀನು ಅದನ್ನು ನಂಬಿ ನಿನ್ನ ಸಿನಿಮಾದ ಮೊದಲ ಎರಡು ನಿಮಿಷವನ್ನು ಮೂರು ರಾತ್ರಿ ಕೂತು ಹುಡುಕಿದೆ. ಏನೂ ಸಿಗಲಿಲ್ಲ. ಹೇಗೆ ಸಿಗುತ್ತೆ? ನರ ಸಿಕ್ಕಿಕೊಂಡಿದ್ದು ನನ್ನ ಸಿನಿಮಾದಲ್ಲಿ.

ಕೊನೆಗೆ ಆ ಶಾಟನ್ನೇ ಕತ್ತರಿಸಿದೆ. 1 ನಿಮಿಷ 50 ಸೆಕೆಂಡ್ ಇದ್ದದ್ದು 18 ಸೆಕೆಂಡಿಗೆ ಬಂತು. ಒಂದು ಬೀಡಿಯೂ ಪೂರ್ತಿಯಾಗುವುದಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. "ಇಷ್ಟು ಸಾಕಾ?" ಅಂತ ನೀನು ಕೇಳಿದೆ. "ಈಗ ಟೈಟಾಯ್ತು ನೋಡು" ಅಂತ ನಾನಂದೆ. ಅಮ್ಮನ ಮಾತು ಹೋಯಿತು, ಹಾಗಾಗಿ ಅದರ ಸಬ್‌ಟೈಟಲೂ ಹೋಗಬೇಕಿತ್ತು. ಕಾಲೇಜಿಗೆ ಕೊಟ್ಟ ಫೈಲನ್ನು ನೋಟ್‌ಪ್ಯಾಡಲ್ಲಿ ತೆಗೆದು ನೋಡು, ಸಾಲುಗಳ ನಂಬರಿನಲ್ಲಿ 13 ಆದಮೇಲೆ 15 ಬರುತ್ತೆ. 14 ಅಳಿಸಿದ್ದು ನಾನೇ. ನಂಬರ್ ಸರಿಮಾಡಲೂ ಸೋಮಾರಿತನ.

ಮೊನ್ನೆ ನೀನು ಕಳಿಸಿದ ಮದುವೆ ವಿಡಿಯೋ ನೋಡಿದೆ. ಚೆನ್ನಾಗಿದೆ. ಎರಡು ಸೆಕೆಂಡಿಗಿಂತ ಜಾಸ್ತಿ ಯಾವ ಶಾಟೂ ನಿಲ್ಲುವುದಿಲ್ಲ. ಧಾರೆಯ ನೀರು ಕೈ ಮುಟ್ಟುವ ಮೊದಲೇ ಕಟ್. ಗಿರಾಕಿ ಕೇಳುವುದೇ ಅದು, ಹೊಟ್ಟೆಪಾಡು, ನನ್ನ ಚೀಟಿಗೂ ಅದಕ್ಕೂ ಏನೂ ಸಂಬಂಧವಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಒಂದು ಚೀಟಿಗೆ ಅಷ್ಟು ತಾಕತ್ತಿದ್ದರೆ ನಾನಿವತ್ತು ಎಲ್ಲೋ ಇರುತ್ತಿದ್ದೆ, ಅಲ್ವಾ? ಆದರೂ ಆ ಧಾರೆಯ ಕಟ್ಟಿಗೆ ವಿಡಿಯೋ ನಿಲ್ಲಿಸಿದೆ. ಅಲ್ಲಿಗೇ ಮತ್ತೆ ಹಿಂದೆ ಹೋದೆ. ನಾಲ್ಕೈದು ಸಲ. ನೀರು ಬೀಳುವುದೇ ಇಲ್ಲ.

ಇಷ್ಟೆಲ್ಲ ಹೇಳಬೇಕು ಅಂತ ಕೂತಿರಲಿಲ್ಲ. ಚೀಟಿ ನನ್ನದು ಅಂತ ಒಂದು ಸಾಲು ಹಾಕಿ, ನಾಲ್ಕು ಜನರನ್ನು ನಗಿಸಿ ಎದ್ದು ಹೋಗೋಣ ಅಂತಿದ್ದೆ. ಮಧ್ಯದಲ್ಲಿ ಡ್ರೋನು ಬಂತು.

ಕಾಲೇಜಿನಲ್ಲಿ ಈಗ ಚೀಟಿ ಆದಮೇಲೆ ಇನ್ನೊಂದು ಸುತ್ತು ಇದೆ. ಲಿಜ್ ಲೆರ್ಮನ್ ಅನ್ನುವ ಅಮೆರಿಕದ ನೃತ್ಯ ಸಂಯೋಜಕಿ 1990ರಲ್ಲಿ ಶುರುಮಾಡಿದ ಪದ್ಧತಿಯಂತೆ. ಮೊದಲು ಮನಸ್ಸಿಗೆ ತಟ್ಟಿದ್ದು ಹೇಳಬೇಕು. ಆಮೇಲೆ ಮಾಡಿದವರು ಪ್ರಶ್ನೆ ಕೇಳುತ್ತಾರೆ. ಆಮೇಲೆ ನೋಡಿದವರ ಪ್ರಶ್ನೆ, ಅದರಲ್ಲಿ ಕೊಂಕು ಇರಬಾರದು. ಕೊನೆಗೇ ಅಭಿಪ್ರಾಯ, ಅದೂ ಒಪ್ಪಿಗೆ ಕೇಳಿ. "ಈ ಶಾಟ್ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ?" ಅನ್ನಬೇಕು. ನಮ್ಮ ಜನಕ್ಕೆ ಇದೆಲ್ಲ ಆಗಿಬರುತ್ತಾ ಅಂತ ನಾನು ನಗುತ್ತಾ ಕೂತಿದ್ದೆ. ಒಬ್ಬಳು ಹುಡುಗಿ "ಬೇಡ" ಅಂದೇಬಿಟ್ಟಳು. ಕೇಳಿದವನು ಬಾಯಿ ತೆರೆದುಕೊಂಡೇ ನಿಂತಿದ್ದ. ಮೇಡಂ, "ಸರಿ, ಕೂತ್ಕೋ" ಅಂದರು. ಅವನು ಕೂತ. ಅಷ್ಟೇ. ಆಕಾಶ ಏನೂ ಬೀಳಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಆ ಶಾಟ್ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ? ಬೇಡ ಅಂದರೂ ಸರಿ. ನೀನು ಸಬ್‌ಟೈಟಲ್‌ಗೆ ಅಂತ ಕೊಟ್ಟಿದ್ದ ಆ ರಫ್ ಕಟ್, ಮೇಲೆ ಟೈಮ್‌ಕೋಡ್ ಓಡುವ ಅದೇ ಕಾಪಿ, ನನ್ನ ಪೆನ್‌ಡ್ರೈವಿನಲ್ಲಿ ಹಾಗೇ ಇದೆ. ನಾಳೆ ಕೊರಿಯರ್ ಮಾಡುತ್ತೇನೆ. 2:41ರಿಂದ 4:31. ಅಮ್ಮನ ಜೊತೆ ಕೂತು ನೋಡು. ಅವರು ಕೇಳಿದ್ದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ.

ಸಾಹೇಬರಿಗೆ ನಾನೇ ಫೋನ್ ಮಾಡಿ ಚಹಾದ ಬಾಕಿ ತೀರಿಸುತ್ತೇನೆ. ಗೂಗಲ್ ಪೇ ಮಾಡಿದರೆ ಅವನು ಬಡ್ಡಿ ಕೇಳುವ ಸಾಧ್ಯತೆ ಇದೆ.

ಈ ಪತ್ರ ಉದ್ದವಾಯಿತು ಅಂತ ಗೊತ್ತು. ಮೂರನೇ ಪ್ಯಾರಾದಲ್ಲೇ ಬೇರೇನೋ ನೋಡಲು ಹೋಗಿದ್ದರೆ ಹೇಳು. ಹೆಸರು ಹಾಕಿ ಹೇಳು.

ನಿನ್ನ,
ಕ್ಯಾಪ್ಟನ್ ಫ್ಲಿಕರ್

ತಾ.ಕ: ಪೆನ್‌ಡ್ರೈವಿನಲ್ಲಿ ‘ಬಾಳೆಹಣ್ಣು ಫೈನಲ್ ಫೈನಲ್’ ಅಂತ ಒಂದು ಫೋಲ್ಡರ್ ಇದೆ. ಅದನ್ನು ಮಾತ್ರ ಅಮ್ಮನ ಎದುರು ತೆಗೆಯಬೇಡ.