ಫೋಂಡಾ ಮಾರುಕಟ್ಟೆಗೆ ಗೋಧಿ ಮುಟ್ಟದ ಒಂದು ಗಿರಣಿ ಬೇಕು

ಗೋವಾದ ಫೋಂಡಾ ನಗರಪಾಲಿಕೆಯ ಅಧ್ಯಕ್ಷರಿಗೆ,

ನಮಸ್ಕಾರ.

ಮಾರುಕಟ್ಟೆಯಲ್ಲಿ ಒಂದು ಸಣ್ಣ ಅಂಗಡಿಯ ಜಾಗ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿ ಒಂದು ಹಿಟ್ಟಿನ ಗಿರಣಿ ಆಗಬೇಕು. ಜೋಳ, ರಾಗಿ, ಸಜ್ಜೆ, ಅಕ್ಕಿ ಏನು ಬೇಕಾದರೂ ಬೀಸಲಿ. ಗೋಧಿ ಮಾತ್ರ ಅದರ ಬಾಗಿಲು ದಾಟಬಾರದು.

ಪಾಲಿಕೆಗೆ ಇಂಗ್ಲಿಷಿನಲ್ಲಿ ಅರ್ಜಿ ಬೇರೆ ಕೊಡುತ್ತೇನೆ. ಇದನ್ನು ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಬರೆಯುವುದಕ್ಕೆ ಕಾರಣವಿದೆ. ಇಲ್ಲಿನ ಗಿರಣಿಗಳ ಮುಂದೆ ಜೋಳದ ಡಬ್ಬಿ ಹಿಡಿದು ನಿಲ್ಲುವವರು ಹೆಚ್ಚಾಗಿ ನಮ್ಮ ಕಡೆಯವರೇ. ಧಾರವಾಡ, ಗದಗ, ವಿಜಯಪುರದಿಂದ ಬಂದು ಕುಂಡೈ, ಬೇತೋಡಾದ ಫ್ಯಾಕ್ಟರಿಗಳಲ್ಲೋ ಕಟ್ಟಡ ಕೆಲಸದಲ್ಲೋ ಇರುವವರು. ಅವರಿಗೂ ಇದು ಗೊತ್ತಾಗಲಿ.

ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟನ್ ಅನ್ನುವ ಪ್ರೋಟೀನ್ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಇಂಥವರ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಪದರ ಸವೆಯುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ರಕ್ತ ಕಡಿಮೆಯಾಗುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಗುಣಪಡಿಸುವ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟನ್ ಬಿಡುವುದೊಂದೇ ದಾರಿ. ತೂಕ ಇಳಿಸಲು ಶೋಕಿಗೆ ಗೋಧಿ ಬಿಟ್ಟವರ ಜೊತೆ ದಯವಿಟ್ಟು ಇವಳನ್ನು ಸೇರಿಸಬೇಡಿ.

ಗೋವಾದಲ್ಲಿದ್ದುಕೊಂಡು ಇದೇನು ಕಷ್ಟ ಅಂತ ನಿಮಗೆ ಅನಿಸಬಹುದು. ಇಲ್ಲಿನ ಊಟವೇ ಅಕ್ಕಿಯದು. ಉಕಡೆ ಅಂದರೆ ಕುಸುಬಲು ಅಕ್ಕಿಯ ಅನ್ನ, ಪೇಜ ಅನ್ನುವ ಗಂಜಿ, ಮೀನಿನ ಸಾರು, ನಾಚಣಿಯ ಅಂದರೆ ರಾಗಿಯ ಅಂಬಲಿಯಂಥ ತಿಜಾನ್. ನಿಜ, ಪಂಜಾಬಿನ ಒಬ್ಬ ತಾಯಿಗಿಂತ ನಾನು ಸುಖಿ. ಆದರೆ ಗೋಧಿ ಕಳ್ಳದಾರಿಯಲ್ಲಿ ಬರುತ್ತದೆ. ಮೀನಿಗೆ ರವೆ ಹಚ್ಚಿ ಕರಿಯುತ್ತಾರೆ, ಅದು ಗೋಧಿ ರವೆ. ಅದೇ ಎಣ್ಣೆಗೆ ಬಿದ್ದ ಹಪ್ಪಳವೂ ಇವಳಿಗೆ ಬೇಡ. ಇಂಗಿನ ಡಬ್ಬಿ ತಿರುಗಿಸಿ ಓದಿ, ಎಷ್ಟೋ ಬ್ರಾಂಡುಗಳಲ್ಲಿ ಗೋಧಿ ಹಿಟ್ಟೋ ಗೋಧಿಯಿಂದಲೇ ಆಗುವ ಮೈದಾವೋ ಸೇರಿರುತ್ತದೆ. ಅಂದರೆ ಅಕ್ಕಿ ಇಡ್ಲಿ ಸರಿ, ಪಕ್ಕದ ಸಾಂಬಾರು ಅನುಮಾನ. ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಹೋಟೆಲಿನಲ್ಲಿ ಕೇಳಿದರೆ ಹುಡುಗರು ಪಾಪ ಒಳ್ಳೆಯ ಮನಸ್ಸಿನಿಂದಲೇ ಉತ್ತರ ಕೊಡುತ್ತಾರೆ: "ಗೋಧಿ ಇಲ್ಲ ಮೇಡಂ, ಬರೀ ಮೈದಾ."

ಪ್ರವಾಸಿಗರು ಬರುವ ಆಂಜುಣಾ ಬೀಚ್ ಕಡೆಯ ಕೆಫೆಗಳಲ್ಲಿ ಗ್ಲುಟನ್-ಫ್ರೀ ಕೇಕ್ ಸಿಗುತ್ತದೆ. ಆ ಒಂದು ತುಂಡಿನ ದುಡ್ಡಿಗೆ ನಮ್ಮ ಮನೆಗೆ ಕಿಲೋಗಟ್ಟಲೆ ಜೋಳ ಬರುತ್ತದೆ. ನಮಗೆ ಕೇಕ್ ಬೇಕಾಗಿಲ್ಲ ಅಧ್ಯಕ್ಷರೇ. ರೊಟ್ಟಿ ಬೇಕು. ಜೋಳದಲ್ಲಿ ಗ್ಲುಟನ್ ಇಲ್ಲ. ತಲೆತಲಾಂತರದಿಂದ ನಮ್ಮ ಕಡೆ ತಿನ್ನುತ್ತ ಬಂದದ್ದೇ ಇವಳಿಗೆ ಸರಿಯಾದ ಊಟ. ತೊಂದರೆ ಇರುವುದು ಗಿರಣಿಯಲ್ಲಿ.

ನಾನು ಜೋಳ ತೆಗೆದುಕೊಂಡು ಹೋಗುವಾಗ ಗಿರಣಿಯಲ್ಲಿ ಆಗತಾನೆ ಯಾರದೋ ಗೋಧಿ ಬೀಸಿ ಮುಗಿದಿರುತ್ತದೆ. ಕಲ್ಲುಗಳ ನಡುವೆ ಆ ಹಿಟ್ಟು ಉಳಿದಿರುತ್ತದೆ. ಹಿಟ್ಟು ಇಳಿಯುವ ಬಟ್ಟೆಯ ಚೀಲದ ಒಳಗೆ ದಪ್ಪಗೆ ಅಂಟಿರುತ್ತದೆ. ಗಾಳಿಯಲ್ಲೂ ಹಾರಾಡುತ್ತಿರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟನ್-ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಗೋಧಿ ಹಿಟ್ಟಿನ ಲೆಕ್ಕದಲ್ಲಿ ಹೇಳಿದರೆ ಹೆಚ್ಚುಕಡಿಮೆ ಕಾಲು ಗ್ರಾಂ. ಒಂದು ಕಿಲೋ ಜೋಳದ ಹಿಟ್ಟಿಗೆ ಒಂದು ಸಣ್ಣ ಚಿಟಿಕೆ ಬೆರೆತರೂ ಮಿತಿ ದಾಟಿತು. ಗಿರಣಿಯ ಚೀಲ ಒಮ್ಮೆ ಕೊಡವಿದರೆ ಎಷ್ಟು ಬೀಳುತ್ತದೆ ಅಂತ ನೀವೇ ನೋಡಿರುತ್ತೀರಿ.

ಗಿರಣಿಯವರ ಮೇಲೆ ನನಗೆ ದೂರಿಲ್ಲ. ಒಬ್ಬರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನನ್ನ ಡಬ್ಬಿಯನ್ನೇ ಮೊದಲು ಎತ್ತಿಕೊಳ್ಳುತ್ತಿದ್ದರು. ಕಲ್ಲು ತೊಳೆಯಲು ಒಂದು ಹಿಡಿ ಅಕ್ಕಿಯನ್ನೂ ಬೀಸಿ ತೆಗೆಯುತ್ತಿದ್ದರು. ಆದರೆ ದಿನವಿಡೀ ಗೋಧಿ ಬೀಸುವ ಯಂತ್ರ ಅಷ್ಟರಿಂದ ಶುದ್ಧ ಆಗುವುದಿಲ್ಲ.

ಮನೆಗೇ ಸಣ್ಣ ಗಿರಣಿ ತಗೊಳ್ಳಿ ಅನ್ನಬಹುದು. ನಾವು ತಗೊಂಡೆವು. ನನ್ನ ಗಂಡನಿಗೆ ಕಾಯಂ ನೌಕರಿ ಇದೆ, ಹಾಗಾಗಿ ಆಯಿತು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದಾರು ಜನ ಇರುವವರು ಸಾವಿರಾರು ರೂಪಾಯಿಯ ಯಂತ್ರ ತಂದು ಎಲ್ಲಿಡಬೇಕು? ಪ್ಯಾಕೆಟ್ ಹಿಟ್ಟಿಗೆ ಪಣಜಿಯ ದೊಡ್ಡ ಅಂಗಡಿಗೆ ಹೋಗಬೇಕು. ಕದಂಬ ಬಸ್ಸಿನ ಟಿಕೆಟ್ಟು, ಅರ್ಧ ದಿನದ ಕೂಲಿ, ಮೇಲೆ ಆ ಬೆಲೆ. ದಿನಗೂಲಿಯವರ ಮಗುವಿಗೆ ಈ ಕಾಯಿಲೆ ಬಂದರೆ ಡಾಕ್ಟರು ಬರೆದುಕೊಟ್ಟ ಪಥ್ಯ ಚೀಟಿಯಲ್ಲೇ ಉಳಿಯುತ್ತದೆ.

ಊರಿನಲ್ಲಿ ಇಂಥವರು ಎಷ್ಟು ಮಂದಿ ಅಂತ ನೀವು ಕೇಳಿಯೇ ಕೇಳುತ್ತೀರಿ. ಕೇಳಬೇಕಾದದ್ದೇ. ಉತ್ತರ ಭಾರತದಲ್ಲಿ ನಡೆದ ಅಧ್ಯಯನಗಳಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಇದು ಕಂಡಿದೆ. ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಮತದ ಲೆಕ್ಕ ಹಾಕಿದರೆ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಈ ಗಿರಣಿ ನಮ್ಮಿಂದಲೇ ನಡೆಯಬೇಕಾಗಿಲ್ಲ. ಜೋಳದ ರೊಟ್ಟಿ ತಿನ್ನುವ ಕನ್ನಡದ ಮನೆಗಳು ಇಲ್ಲಿ ಸಾಕಷ್ಟಿವೆ. ಭಾಕ್ರಿಗೆ ಅಕ್ಕಿ, ನಾಚಣಿ ಬೀಸಿಸುವ ಗೋವೆಯವರಿದ್ದಾರೆ. ಸಕ್ಕರೆ ಕಾಯಿಲೆಯವರೂ ಈಗ ರಾಗಿ ಕಡೆ ತಿರುಗಿದ್ದಾರೆ. ಇವರೆಲ್ಲ ಬಂದರೆ ಗಿರಣಿ ಓಡುತ್ತದೆ.

ನಡೆಸುವವರು ಯಾರು? ಗೋವಾದ ಶಾಲೆಗಳಿಗೆ ಮಧ್ಯಾಹ್ನದ ಊಟ ಮಾಡಿಕೊಡುವುದು ಹೆಚ್ಚಾಗಿ ಮಹಿಳೆಯರ ಸ್ವಸಹಾಯ ಗುಂಪುಗಳು. ಅಂಥ ಒಂದು ಗುಂಪಿಗೇ ಇದನ್ನು ಕೊಡಬಹುದು. (ಶಾಲೆಯ ಪಾವ್-ಭಾಜಿ ದಿನ ಮಗಳು ಮನೆಯ ಡಬ್ಬಿ ಒಯ್ಯುತ್ತಾಳೆ. ಅದು ಪಾಲಿಕೆಯ ಕೈಯಲ್ಲಿಲ್ಲ, ಬಿಡಿ.) ಯಂತ್ರದ ಖರ್ಚಿಗೂ ದಾರಿ ಹುಡುಕಬಹುದು. ಸಣ್ಣ ಆಹಾರ ಘಟಕಗಳಿಗಾಗಿ ಕೇಂದ್ರ ಸರಕಾರ 2020ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ವೆಚ್ಚದ ಶೇ. 35ರಷ್ಟು ಸಹಾಯಧನ ಇಟ್ಟಿದ್ದರು, 10 ಲಕ್ಷ ರೂಪಾಯಿ ಮಿತಿಯೊಳಗೆ. ಅದು ಈಗಲೂ ಸಿಗುತ್ತದೆಯಾ ವಿಚಾರಿಸಬಹುದು. ಪಾಲಿಕೆ ಜಾಗ ಕೊಟ್ಟರೆ ಉಳಿದದ್ದಕ್ಕೆ ಓಡಾಡಲು ನಾವು ಕೆಲವು ಹೆಂಗಸರು ತಯಾರಿದ್ದೇವೆ.

ಎರಡು ಷರತ್ತು ಮಾತ್ರ ಕಾಗದದಲ್ಲಿ ಬರಬೇಕು. ಯಂತ್ರ ಹೊಸದಾಗಿರಬೇಕು, ಗೋಧಿ ಬೀಸಿದ ಹಳೆಯ ಕಲ್ಲು ಬೇಡ. ಗಿರಾಕಿ ತಂದ ಕಾಳನ್ನು ಬೀಸುವ ಮೊದಲು ಮೊರದಲ್ಲಿ ಹರಡಿ ನೋಡಬೇಕು. ನಮ್ಮ ಕಡೆ ಬಿಳಿಜೋಳ, ಗೋಧಿ ಎರಡೂ ಹಿಂಗಾರಿನ ಬೆಳೆ. ಒಂದೇ ಕಣ, ಒಂದೇ ಚೀಲ ಅಂತ ಆದಾಗ ಜೋಳದಲ್ಲಿ ನಾಲ್ಕು ಗೋಧಿ ಕಾಳು ಸೇರಿಕೊಳ್ಳುವುದು ಹೊಸದೇನಲ್ಲ.

ಜಾಗ ತಕ್ಷಣ ಇಲ್ಲವೆಂದಾದರೆ, ಈಗಿರುವ ಗಿರಣಿ ಮಾಲೀಕರನ್ನು ಒಮ್ಮೆ ಕರೆಸಿ. ಎರಡು ಯಂತ್ರ ಇರುವವರು ಒಂದನ್ನು ಬೇರೆ ಕೋಣೆಯಲ್ಲಿಟ್ಟು, ಕಲ್ಲು ಮತ್ತು ಚೀಲ ಬದಲಿಸಿ, ಗೋಧಿಯಿಂದ ದೂರ ಇಡಲು ಒಪ್ಪುತ್ತಾರಾ ಕೇಳಿ. ಒಪ್ಪಿದವರಿಗೆ ಲೈಸೆನ್ಸ್ ಶುಲ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡಿ. ಆ ಸಭೆಗೆ ನನ್ನನ್ನೂ ಕರೆಯಿರಿ. ಕೊಂಕಣಿ ಬರೆಯಲು ಬರುವುದಿಲ್ಲ, ಮಾತಾಡಲು ಚೆನ್ನಾಗಿ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಫೋಂಡಾದ ಒಬ್ಬ ಕನ್ನಡತಿ