ಸಮೀಕ್ಷೆಯ ಅಂಕಿಗಳನ್ನು ಓಣಿಗೆ ಮರಳಿ ತಂದವರಿಗೆ ಕೃತಜ್ಞತೆ

ಮಳೆಗಾಲ ಮುಗಿದು, ಗದಗ-ಬೆಟಗೇರಿಯ ನಮ್ಮ ನಗರ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಈ ವರ್ಷದ ಡೆಂಗೀ ನಿಯಂತ್ರಣದ ಕೆಲಸ ಒಂದು ಹಂತಕ್ಕೆ ಬಂದಿದೆ. ಅದರ ಮೇಲ್ವಿಚಾರಣೆಯ ಹೊಣೆ ಹೊತ್ತಿದ್ದ ನಾನು ಕೆಲವರನ್ನು ಎಲ್ಲರೆದುರು ನೆನೆಯಬೇಕಾಗಿದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗಿನಿಂದ ಈ ಕೆಲಸದ ಮೇಲೆ ಎಲ್ಲರ ಕಣ್ಣಿದೆ. ಆದರೆ ನನ್ನ ಕೃತಜ್ಞತೆ ಮುಖ್ಯವಾಗಿ ಸಲ್ಲುವುದು, ಮನೆಮನೆಯ ನೀರಿನಲ್ಲಿ ಸೊಳ್ಳೆಯ ಮರಿಹುಳು ಹುಡುಕುವ ಲಾರ್ವಾ ಸಮೀಕ್ಷೆಯ ಅಂಕಿಗಳನ್ನು ಮೇಲಕ್ಕೆ ಕಳಿಸಿ ಕೈತೊಳೆದುಕೊಳ್ಳದೆ, ಅವು ಏನು ಹೇಳುತ್ತಿವೆ ಎಂಬುದನ್ನು ಅದೇ ಓಣಿಗೆ ಮರಳಿ ತಂದವರಿಗೆ.

ಮೊದಲಿಗೆ ನಮ್ಮ ಹಾಳೆಗಳನ್ನು ಪರಿಶೀಲಿಸಿದ ಕೀಟಶಾಸ್ತ್ರಜ್ಞೆ ಮೇಡಂ ಅವರಿಗೆ. ನೋಡಿದ ಪ್ರತಿ ನೂರು ಮನೆಗಳಲ್ಲಿ ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಎಂಬ ಮನೆ ಸೂಚ್ಯಂಕ ಇಳಿಯುತ್ತಿದ್ದುದನ್ನು ಕಂಡು ಸಮಾಧಾನಪಡದೆ, ಬೀಗ ಹಾಕಿದ್ದರಿಂದ ನೋಡಲಾಗದ ಮನೆಗಳೆಷ್ಟು ಎಂದು ಅವರು ಕೇಳಿದರು. ನೋಡದ ಮನೆ ಲೆಕ್ಕಕ್ಕೇ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವ ಓಣಿಗಳಲ್ಲಿ ಇಂಥ ಮನೆಗಳೇ ಹೆಚ್ಚು. ಆ ಒಂದು ಪ್ರಶ್ನೆಯಿಂದಾಗಿ ಅಂಥ ಓಣಿಗಳ ಭೇಟಿ ಬೆಳಗಿನ ಜಾವಕ್ಕೂ ಭಾನುವಾರಕ್ಕೂ ಬದಲಾಯಿತು. ರಜೆಯ ದಿನ ಬಿಟ್ಟುಕೊಟ್ಟು ಬಂದ ಆಶಾ ಕಾರ್ಯಕರ್ತೆಯರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಲಾರ್ವಾ ಯಾವುದರಲ್ಲಿ ಸಿಕ್ಕಿತೆಂದು ಬೇರೆ ಬೇರೆಯಾಗಿ ಬರೆದಾಗ ಕಂಡದ್ದು ಇನ್ನೂ ಮುಖ್ಯ. ಬಿಸಾಡಿದ ಟೈರು, ತೆಂಗಿನ ಚಿಪ್ಪುಗಳಿಗಿಂತ ಹೆಚ್ಚಾಗಿ, ಕುಡಿಯುವುದಕ್ಕೂ ಬಳಸುವುದಕ್ಕೂ ನೀರು ಹಿಡಿದಿಟ್ಟ ಬ್ಯಾರಲ್ಲು ಮತ್ತು ಸಿಮೆಂಟಿನ ತೊಟ್ಟಿಗಳಲ್ಲೇ ಅದು ಸಿಗುತ್ತಿತ್ತು. ಡೆಂಗೀ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ನಳದ ನೀರು ಅದಕ್ಕಿಂತ ತಡವಾಗಿ ಬರುವ ಓಣಿಯಲ್ಲಿ ತೊಟ್ಟಿ ಬರಿದಾಗುವ ಮೊದಲೇ ಸೊಳ್ಳೆ ಹಾರಿಹೋಗಿರುತ್ತದೆ. “ತಂಗಿ, ನೀರು ಚೆಲ್ಲು ಅಂತೀಯಲ್ಲ, ನಾಳೆ ನಳ ಬರ್ತದೇನು?” ಎಂದು ಅಜ್ಜಿಯೊಬ್ಬರು ನಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ನಗರಸಭೆಯ ವಾಲ್ವ್‌ಮನ್‌ಗಳಿಂದ: ಯಾವ ಓಣಿಗೆ ಯಾವ ದಿನ ನೀರು ಬಿಡುತ್ತಾರೆಂಬ ಸರದಿಯನ್ನು ಅವರು ಮುಂಚಿತವಾಗಿ ತಿಳಿಸತೊಡಗಿದ ಮೇಲೆ, ನೀರು ಬರುವ ಹಿಂದಿನ ದಿನ, ತೊಟ್ಟಿಗಳು ತಾವಾಗಿಯೇ ತಳಕ್ಕಿಳಿದಿರುವಾಗಲೇ ನಮ್ಮವರು ಮನೆಮನೆಗೆ ಹೋಗತೊಡಗಿದರು. ತೊಟ್ಟಿ ಬರಿದು ಮಾಡಿದರಷ್ಟೇ ಸಾಲದು. ನೀರಿನ ಅಂಚಿನ ಮೇಲೆ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದರೆ ಒಡೆಯುತ್ತವೆ. ಆದ್ದರಿಂದ ತೆಂಗಿನ ನಾರಿನಿಂದ ಒಳಗೋಡೆಯನ್ನು ಗಸಗಸ ತಿಕ್ಕಿ ತೋರಿಸಿ, ತುಂಬಿದ ಮೇಲೆ ಹಳೆಯ ಸೀರೆಯಿಂದ ಬಿಗಿಯಾಗಿ ಬಾಯಿ ಕಟ್ಟುವುದನ್ನು ಹೇಳಿಕೊಟ್ಟರು.

ಹೊಗೆ ಹೊಡೆಸಿರೆಂಬ ಒತ್ತಾಯ ಎಲ್ಲೆಡೆ ಇದ್ದಾಗಲೂ, ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ತೊಟ್ಟಿಯ ಲಾರ್ವಾವನ್ನಲ್ಲ ಎಂಬುದನ್ನು ಸಮೀಕ್ಷೆಯ ಹಾಳೆ ಹಿಡಿದು ಜನರಿಗೆ ವಿವರಿಸಿದ ವಾರ್ಡ್ ಸದಸ್ಯರಿಗೂ ನಾನು ಋಣಿ. ಜನ ಕೇಳಿದ್ದನ್ನು ಮಾಡಿಸುವುದು ಅವರಿಗೆ ಸುಲಭವಿತ್ತು.

ಜ್ವರದ ಪ್ರಕರಣಗಳು ಇಳಿದದ್ದು ಈ ಕೆಲಸದಿಂದಲೇ ಎಂದು ನಾನು ಹೇಳಲಾರೆ. ಮಳೆಯ ಪ್ರಮಾಣ, ಆ ವರ್ಷ ಹರಡುವ ವೈರಸ್ಸಿನ ಬಗೆ, ಜನರಲ್ಲಿ ಮೊದಲೇ ಇರುವ ರೋಗನಿರೋಧಕ ಶಕ್ತಿ ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಬೇರೆ ತಂಡದವರು ಬಂದು ಮರುಪರಿಶೀಲನೆ ಮಾಡಿದಾಗ, ತಿಕ್ಕಿ ಬಾಯಿ ಕಟ್ಟಿದ ತೊಟ್ಟಿಗಳಲ್ಲಿ ಲಾರ್ವಾ ವಿರಳವಾಗಿತ್ತು ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆ ಕೆಲಸ ಮಾಡಿದವರು ನಮ್ಮ ಓಣಿಗಳ ತಾಯಂದಿರು. ಅಡುಗೆಮನೆ, ಬಚ್ಚಲಿನವರೆಗೂ ನಮ್ಮನ್ನು ಬರಗೊಟ್ಟ ಅವರೆಲ್ಲರಿಗೂ ನಮಸ್ಕಾರಗಳು. ಬೇಸಿಗೆಯ ಸಮೀಕ್ಷೆ ಶುರುವಾಗುವ ಮುನ್ನ ಪ್ರತಿ ಓಣಿಯ ಅಂಕಿಗಳನ್ನು ಅಲ್ಲಿನ ಅಂಗನವಾಡಿಯಲ್ಲಿಯೇ ಓದಿ ಹೇಳಲು ನಿಶ್ಚಯಿಸಿದ್ದೇವೆ; ದಯವಿಟ್ಟು ಎಲ್ಲರೂ ಬರಬೇಕು.